ಹುಗ್ಗಿಗೆ ಉಪ್ಪು

ಗೋಧಿ ಹುಗ್ಗಿ ಕಂಡರೆ ಈಗ ನನಗೆ ಓಕರಿಕೆ ಬರುತ್ತದೆ. ನಮ್ಮ ಕಡೆಯವರು ಇದನ್ನು ಕೇಳಿದರೆ ನನಗೆ ತಲೆ ಕೆಟ್ಟಿದೆ ಅಂದಾರು. ಮದುವೆಯಿರಲಿ, ಮಠದ ಪಂಕ್ತಿಯಿರಲಿ, ಬಳ್ಳಾರಿ ಸೀಮೆಯಲ್ಲಿ ಬೆಲ್ಲ ಹಾಕಿ ಕುದಿಸಿದ ಗೋಧಿ ಹುಗ್ಗಿ ಎಲೆಗೆ ಬೀಳದಿದ್ದರೆ ಅದು ಊಟವೇ ಅಲ್ಲ. ನಾನೂ ಕುರುಗೋಡಿನ ತವರುಮನೆಯಲ್ಲಿ ಅದರ ಮೇಲೆ ತುಪ್ಪ ಸುರುವಿಕೊಂಡು, ಬೆರಳು ನೆಕ್ಕಿ ಬೆಳೆದವಳೇ. ಈಗ ಬಡಿಸುವವರು ಸೌಟು ಹಿಡಿದು ಬಂದರೆ ಎಲೆಗೆ ಕೈ ಅಡ್ಡ ಇಡುತ್ತೇನೆ. "ಯಾಕ್ರೀ ಮೇಡಂ, ಸಕ್ಕರಿ ಕಾಯಿಲಿ ಬಂತೇನು?" ಅನ್ನುತ್ತಾರೆ. ಹೂಂ ಅನ್ನುತ್ತೇನೆ. ನಿಜವಾದ ಕಾರಣ ಹೇಳಹೊರಟರೆ ಹಳೇ ಯುರೋಪಿನ ಒಂದು ಊರು, ಆ ಊರಿನ ಒಂದು ಕುದುರೆ, ಸಿರುಗುಪ್ಪದ ಒಂದು ಮನೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಪಂಕ್ತಿಯಲ್ಲಿ ಕೂತವರಿಗೆ ಅಷ್ಟು ಪುರಸೊತ್ತು ಎಲ್ಲಿರುತ್ತದೆ!

ನಾನು ಸಿರುಗುಪ್ಪದ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳುತ್ತೇನೆ. ಮನೆ ಬಳ್ಳಾರಿಯಲ್ಲಿ, ದಿನಾ ಬಸ್ಸಿನ ಓಡಾಟ. ಕಾಲೇಜಿನ ಹತ್ತಿರವೇ ಒಬ್ಬ ಸಾಹುಕಾರರ ರೈಸ್ ಮಿಲ್ಲಿತ್ತು. ಸಾಹುಕಾರರು ಅಂದರೆ ಬರೀ ಅಕ್ಕಿ, ತೌಡು, ಲಾರಿ ಅಂದುಕೊಳ್ಳಬೇಡಿ. ಅವರ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟು, ಅದರ ತುಂಬ ರಷ್ಯದವರದು, ಫ್ರಾನ್ಸಿನವರದು, ಜರ್ಮನಿ, ಸ್ಪೇನಿನವರದು ಹಳೆಯ ಕಾದಂಬರಿಗಳು, ಚರಿತ್ರೆಗಳು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ತೆಲುಗಿನಲ್ಲಿ. ಈ ಕಡೆಯ ಹಳಬರಿಗೆ ತೆಲುಗು ಓದುವುದು ನೀರು ಕುಡಿದಷ್ಟು ಸಲೀಸು. ಇತಿಹಾಸದ ಮೇಡಂ ಅಂತ ತಿಳಿದು ಒಂದು ಸಲ ಚಹಕ್ಕೆ ಕರೆದರು. ಹೋದೆ. ಆಮೇಲೆ ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಹೊತ್ತಿದ್ದಾಗಲೆಲ್ಲ ಹೋಗುವುದು ರೂಢಿಯಾಯಿತು.

ಆ ಮನೆಯಲ್ಲಿ ಸಂಜೆಯ ಕ್ರಮ ಒಂದಿತ್ತು. ಮಿಲ್ಲಿನ ಸದ್ದು ನಿಂತ ಮೇಲೆ ಸಾಹುಕಾರರು ಕಟ್ಟೆಯ ಮೇಲೆ ಕೂತು, ತಾವು ಓದಿದ್ದನ್ನು ಹೆಂಡತಿಗೆ ಕಥೆ ಮಾಡಿ ಹೇಳುತ್ತಿದ್ದರು. ಆ ಅಮ್ಮ ಮೊರದಲ್ಲಿ ಅಕ್ಕಿಯನ್ನೋ ಬೇಳೆಯನ್ನೋ ಹರವಿಕೊಂಡು ಹಸನು ಮಾಡುತ್ತ ಕೇಳುತ್ತಿದ್ದರು. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಬಾರದು. ಕೊರಳಲ್ಲಿ ಲಿಂಗ, ಪೂಜೆಯಾಗದೆ ತೊಟ್ಟು ನೀರೂ ಮುಟ್ಟದ ಜೀವ. ಸಾಹುಕಾರರ ಕಥೆಗಳಲ್ಲಿ ನೋಡಿದರೆ ಪುಟಕ್ಕೊಂದು ಹಂದಿ, ಬಾತುಕೋಳಿ, ದನದ ನಾಲಗೆ, ರಕ್ತ ತುಂಬಿ ಬೇಯಿಸಿದ ಕರುಳು. ಬಿಳಿಯರು ಹಾಗೆ, ಮದುವೆಯಾದರೂ ತಿನ್ನುತ್ತಾರೆ, ಸತ್ತರೂ ತಿನ್ನುತ್ತಾರೆ, ದೇವರ ಬಗ್ಗೆ ಜಗಳವಾಡುತ್ತಲೂ ತಿನ್ನುತ್ತಾರೆ.

"ಥೂ ಥೂ, ಹೇಸಿಗಿ! ಅದೊಂದು ಬಿಟ್ಟು ಹೇಳಬಾರದೇನ್ರಿ?" ಎಂದು ಅಮ್ಮ ಮೂಗಿಗೆ ಸೆರಗು ಹಿಡಿಯುತ್ತಿದ್ದರು.

"ಅವ್ರು ತಿಂದದ್ದನ್ನ ನಾ ಯಾಕ ಮುಚ್ಚಿಡ್ಲಿ? ನೀನೇನು ತಿನ್ನಬ್ಯಾಡ, ಕೇಳು" ಎಂದು ಸಾಹುಕಾರರು ನಗುತ್ತಿದ್ದರು. ಅಮ್ಮ ಎದ್ದು ಹೋಗುತ್ತಿರಲಿಲ್ಲ. "ಹೂಂ, ಆಮ್ಯಾಲ?" ಅನ್ನುತ್ತಿದ್ದರು, ಸೆರಗಿನ ಒಳಗಿನಿಂದಲೇ.

ಅಮ್ಮ ನಡುವೆ ಎದ್ದು ಒಳಗೆ ಹೋಗುತ್ತಿದ್ದದ್ದು ಬೇರೊಂದು ಮಾತಿಗೆ. ಹಿಂದೆ ಆ ಮಿಲ್ಲಿನ ಬಂಡಿ ಎಳೆದ ಕೆಂದೆತ್ತು ಒಂದಿತ್ತಂತೆ. ಅಮ್ಮನೇ ಕೈಯಾರೆ ಹಿಂಡಿ ತಿನ್ನಿಸಿ ಸಾಕಿದ್ದು. ಲಾರಿ ಬಂದ ಮೇಲೆ, ಎತ್ತಿಗೂ ವಯಸ್ಸಾಗಿತ್ತು, ರಾರಾವಿಯ ನೆಂಟರ ಹೊಲದಲ್ಲಿ ಬಿಟ್ಟುಬಂದೆ ಎಂದು ಸಾಹುಕಾರರು ಹೇಳುತ್ತಿದ್ದರು. "ಹೊಳಿ ದಂಡಿಗೆ ಹುಲ್ಲು ಛಲೋ ಐತ್ರಿ ಮೇಡಂ, ಆರಾಮ ಇತ್ತು, ಆರಾಮ ಸತ್ತಿತು" ಎಂದು, ಕೇಳದಿದ್ದರೂ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು.

ಸಾಹುಕಾರರ ಕೊನೆಯ ವರ್ಷ ಅವರ ಕೈಗೆ ಒಂದು ಇಂಗ್ಲಿಷ್ ಪುಸ್ತಕ ಬಂತು. ಮುತ್ತಿಗೆಗೆ ಸಿಕ್ಕ ಯುರೋಪಿನ ಒಂದು ಊರಿನ ಚರಿತ್ರೆ. ಆ ಕೋಟೆಯ ಒಳಗೇ ಇದ್ದು, ಹಸಿದು, ಬದುಕಿ ಉಳಿದವನೊಬ್ಬ ಬರೆದದ್ದು. ಹೊರಗೆ ಶತ್ರುವಿನ ದಂಡು, ಒಳಗೆ ಕಾಳಿಲ್ಲ ಕಡಿಯಿಲ್ಲ. ಮೊದಲು ಕೋಳಿ ಮುಗಿಯುತ್ತವೆ, ಆಮೇಲೆ ನಾಯಿ, ಬೆಕ್ಕು, ಇಲಿ. ಚಪ್ಪಲಿಯ ತೊಗಲನ್ನು ಕುದಿಸುತ್ತಾರೆ. ಒಬ್ಬ ಬಂಡಿ ಹೊಡೆಯುವ ಮುದುಕನ ಬಳಿ ಮಾತ್ರ ಮುದಿ ಬಿಳಿ ಕುದುರೆಯೊಂದು ಉಳಿದಿರುತ್ತದೆ. ಮಕ್ಕಳಂತೆ ಸಾಕಿದ್ದು. ಊರವರು ಒಂದು ದಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಮುದುಕ ತಾನೇ ಹಗ್ಗ ಹಿಡಿದು ಕುದುರೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಾನೆ. ಸಾಹುಕಾರರು ಅಲ್ಲಿಯವರೆಗೆ ಹೇಳಿ ನಿಲ್ಲಿಸಿಬಿಟ್ಟರು. ಅಮ್ಮ "ಆಮ್ಯಾಲ?" ಎಂದರೆ "ನಾಳಿ" ಎಂದರು. ಮರುದಿನವೂ ನಾಳೆ. ಅದರ ಮರುದಿನವೂ ನಾಳೆ.

"ಕುದುರಿ ಏನಾತು ಅಂತ ಹೇಳವಲ್ರು ನೋಡ್ರಿ ಮೇಡಮ್ಮ. ನನಗ ಊಟ ಸೇರವಲ್ದು" ಎಂದು ಅಮ್ಮ ನನ್ನ ಹತ್ತಿರ ದೂರು ಹೇಳಿದರು.

ಅದಾದ ಮೇಲೆ ಸಾಹುಕಾರರು ಕಾಲೇಜಿನ ಗೇಟಿನವರೆಗೆ ತಾವೇ ನಡೆದು ಬಂದು ಆ ಪುಸ್ತಕವನ್ನು ನನ್ನ ಕೈಗಿಟ್ಟರು. "ಕೊನಿತನಕ ಓದೀನ್ರಿ. ನೀವು ಇದನ್ನ ಕನ್ನಡಕ್ಕ ತರ್ರಿ. ನಮ್ಮನಿಯಾಕಿ ತಾನ ಓದ್ಕೊಳ್ಳಿ. ನನ್ನ ಬಾಯಾಗ ಹೇಳಾಕ ಆಗವಲ್ದು" ಎಂದರು. "ಒಂದು ಅಕ್ಷರ ಬಿಡಬ್ಯಾಡ್ರಿ" ಎಂದೂ ಅಂದರು. ಯಾಕೆ ಆಗುವುದಿಲ್ಲ ಎಂದು ನಾನು ಕೇಳಲಿಲ್ಲ. ಅವರ ಕಣ್ಣು ಕೆಂಪಾಗಿದ್ದವು. ತೌಡಿನ ಧೂಳಿರಬೇಕು ಅಂದುಕೊಂಡೆ.

ಅನುವಾದಕ್ಕೆ ಕೂತೆ. ಅಬ್ಬಬ್ಬಾ, ಆ ಕರ್ಮ ನನ್ನ ಶತ್ರುವಿಗೂ ಬೇಡ. ನಮ್ಮ ಕುರುಗೋಡಿನ ಮನೆಯಲ್ಲಿ ತತ್ತಿ ಎಂಬ ಮಾತನ್ನೂ ಮೆಲ್ಲಗೆ ಆಡುತ್ತಿದ್ದರು. ಮಟನ್ ಅಂಗಡಿಯಿರುವ ಓಣಿ ತಪ್ಪಿಸಿ ಸುತ್ತುಹಾಕಿ ಶಾಲೆಗೆ ಕಳಿಸುತ್ತಿದ್ದರು. ಅಂಥವಳು ಈಗ ಇಲಿಯ ಚರ್ಮ ಹೇಗೆ ಸುಲಿಯುತ್ತಾರೆ, ಕರುಳನ್ನು ಹೇಗೆ ಮಗುಚಿ ತೊಳೆಯುತ್ತಾರೆ ಎಂಬುದಕ್ಕೆ ಕನ್ನಡ ಹುಡುಕಬೇಕು. ಪಕ್ಕದ ಮನೆಯಾಕೆ ಭಾನುವಾರ ಅಡುಗೆ ಮಾಡುವಾಗ ಹೋಗಿ ಕೇಳಿದೆ. ಆಕೆ ಪಾಪ, ನಗುತ್ತ ಒಂದೊಂದನ್ನೇ ಎತ್ತಿ ತೋರಿಸಿದಳು: ಇದು ಬೋಟಿ, ಇದು ಕಾಳಜ, ಇದು ಗುಂಡಿಗೆ. ನಾನು ಮನೆಗೆ ಬಂದು ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಮತ್ತೆ ಬರೆಯಲು ಕೂತೆ. ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗ "ಜನ ಹಸಿವಿನಿಂದ ತತ್ತರಿಸಿದರು" ಎಂದು ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ತತ್ತರಿಸುವುದು ಅಂದರೆ ಇದು ಎಂದು ಈ ಪುಸ್ತಕ ಮೂಗು ಹಿಡಿದು ತೋರಿಸಿತು. ಅಸಹ್ಯ ನಿಜ. ಆದರೆ ಆ ಬರೆದವನಿಗೂ ಅಸಹ್ಯವಾಗಿತ್ತು, ಅವನು ಬಿಡದೆ ಬರೆದಿದ್ದ. ಹಾಗಾಗಿ ನಾನೂ ಬಿಡಲಿಲ್ಲ.

ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಸಾಹುಕಾರರು ಹೋಗಿಬಿಟ್ಟರು. ಮಿಲ್ಲಿನಲ್ಲಿ ನಿಂತವರು ಹಾಗೇ ಕುಸಿದರಂತೆ. ಎದೆಯ ತೊಂದರೆ. ಮಣ್ಣಿಗೆ ಹೋಗಿದ್ದಾಗ ಅಮ್ಮ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಪುಸ್ತಕ ಎಲ್ಲಿಗೆ ಬಂತ್ರಿ?"

ಅವರ ಮಗ ಒಳ್ಳೆಯವನೇ. ಅಪ್ಪನ ಹೆಸರಿನಲ್ಲಿ ಏನಾದರೂ ಮಾಡಬೇಕೆಂಬ ಹಂಬಲ. ನಮ್ಮ ಕಡೆ ದೊಡ್ಡ ಮನೆತನದವರು ವರ್ಷದ ಪುಣ್ಯಸ್ಮರಣೆಗೆ ಬಂದವರಿಗೆಲ್ಲ ಹಿರಿಯರ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯನ್ನೋ ತಟ್ಟೆಯನ್ನೋ ಹಂಚುತ್ತಾರೆ. ಈ ಮಗ ಡಬ್ಬಿಯ ಜೊತೆ ಪುಸ್ತಕವನ್ನೂ ಹಂಚುತ್ತೇನೆ ಎಂದ. "ಅಪ್ಪಾಜಿ ಮನಸಿನಾಗ ಇದ್ದ ಪುಸ್ತಕ ಅಲ್ರೀ ಮೇಡಂ. ಸ್ವಾಮಿಗಳ ಕೈಲೆ ಬಿಡುಗಡಿ ಮಾಡಸ್ತೀನಿ" ಎಂದ. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬೀಗಿದೆ. ಬ್ರೂಸ್‌ಪೇಟೆಯ ಪ್ರೆಸ್ಸಿಗೆ ಕೊಡುವ ಮೊದಲು ಕಾಗುಣಿತ ನೋಡಲು ಕುರುಗೋಡಿನ ನಿವೃತ್ತ ಕನ್ನಡ ಪಂಡಿತರಿಗೆ ಕೊಡುತ್ತೇನೆ ಎಂದ. ಅವರು ಹೈಸ್ಕೂಲಿನಲ್ಲಿ ನನಗೇ ಪಾಠ ಹೇಳಿದವರು. ಬೇಡ ಅನ್ನಲು ಬಾಯಿ ಬರಲಿಲ್ಲ. ಪ್ರೂಫ್ ನನ್ನವರೆಗೆ ಬರಲಿಲ್ಲ. ಕೇಳಿದರೆ "ಎಲ್ಲಾ ಆಗೇತ್ರಿ, ನೀವು ನಿಶ್ಚಿಂತಿ ಇರ್ರಿ" ಎಂದ.

ಪುಣ್ಯಸ್ಮರಣೆಯ ದಿನ ಸಿರುಗುಪ್ಪದ ಆ ಮನೆಯ ಮುಂದೆ ದೊಡ್ಡ ಶಾಮಿಯಾನ. ಸ್ವಾಮಿಗಳು ಬಂದರು, ರೇಷ್ಮೆ ದಾರ ಬಿಚ್ಚಿದರು, ಚಪ್ಪಾಳೆ ಬಿತ್ತು. ನನಗೂ ಒಂದು ಶಾಲು ಹೊದಿಸಿದರು. ಪುಸ್ತಕದ ಮುಖಪುಟದ ಮೇಲೆ ಸಾಹುಕಾರರ ಫೋಟೊ, ಅದಕ್ಕೆ ಗಂಧದ ಹಾರ. ಪಂಕ್ತಿಯಲ್ಲಿ ಕೂತು, ಎಲೆ ಹಾಕುವುದರೊಳಗೆ, ಆಸೆ ತಡೆಯದೆ ನಡುವಿನ ಒಂದು ಪುಟ ತೆರೆದೆ.

"ಬಂಡಿಯ ಮುದುಕ ಸೊರಗಿದ್ದನು. ಅವನ ತೋಳಿನ ಹುಗ್ಗಿ ಕರಗಿಹೋಗಿತ್ತು" ಎಂದಿತ್ತು.

ನನ್ನ ಕಣ್ಣೇ ಮಂಜಾಯಿತೇನೋ ಅಂದುಕೊಂಡು ಇನ್ನೊಮ್ಮೆ ನೋಡಿದೆ. ಹುಗ್ಗಿಯೇ. ಮುಂದಿನ ಪುಟದಲ್ಲಿ "ಹುಗ್ಗಿದ ತುಂಡಿಗಾಗಿ ಅಣ್ಣತಮ್ಮಂದಿರು ಚಾಕು ಹಿಡಿದರು." ಮಾಂಸ ಎಂದಿದ್ದಲ್ಲೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಹುಗ್ಗಿ ಹಾಕಿಸಿದ್ದರು. ದ್ರಾಕ್ಷಾರಸದ ಪೀಪಾಯಿಗಳು ಬೆಲ್ಲದ ಪಾನಕದ ಕೊಡಗಳಾಗಿದ್ದವು. ಪಾನಕ ಕುಡಿದು ಸಿಪಾಯಿಗಳು ತೂರಾಡಿ ಚರಂಡಿಗೆ ಬೀಳುತ್ತಿದ್ದರು! ನಾಯಿ, ಬೆಕ್ಕು, ಇಲಿ ಎಲ್ಲ ಮಾಯ. ಅವುಗಳ ಜಾಗದಲ್ಲಿ ಜನ ರಾಜಗಿರಿ, ಮೆಂತ್ಯದ ಸೊಪ್ಪು ತಿನ್ನುತ್ತಿದ್ದರು. ಮುತ್ತಿಗೆ ಬಿದ್ದು ಜನ ಸಾಯುವ ಊರಿನಲ್ಲಿ ಮೆಂತ್ಯದ ಪಲ್ಯ. ಕೊನೆಯ ಅಧ್ಯಾಯ ತೆಗೆದೆ. ಅದನ್ನಂತೂ ಪಂಡಿತರು ತಾವೇ ಕೂತು ಮುಕ್ಕಾಲು ಪಾಲು ಹೊಸದಾಗಿ ಬರೆದಿದ್ದರು. ಊರ ಜನ ಬಿಳಿ ಕುದುರೆಗೆ ಹೂಮಾಲೆ ಹಾಕಿ, ವಾದ್ಯ ಬಾರಿಸುತ್ತ ಕೋಟೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಬಿಟ್ಟುಬಿಡುತ್ತಾರೆ. ಇವರ ಪ್ರಾಣಿದಯೆ ಕಂಡು ಶತ್ರುವಿನ ದಳಪತಿಯ ಮನ ಕರಗಿ, ಒಂದು ದೊಡ್ಡ ಹಂಡೆಯ ತುಂಬ ಹುಗ್ಗಿ ಕಳಿಸುತ್ತಾನೆ. ಎಲ್ಲರೂ ಉಣ್ಣುತ್ತಾರೆ. ಮುದುಕನೂ ಉಣ್ಣುತ್ತಾನೆ. ಶುಭಂ.

ಅಷ್ಟರಲ್ಲಿ ನನ್ನ ಎಲೆಗೆ ಬಿಸಿ ಹುಗ್ಗಿ ಬಿತ್ತು.  ಇಲಿಯ ಚರ್ಮದ ಬಗ್ಗೆ ಬರೆಯುವಾಗಲೂ ಇಷ್ಟು ಹೇಸಿಗೆ ಅನ್ನಿಸಿರಲಿಲ್ಲ. ಎಲೆ ಬಿಟ್ಟು ಎದ್ದೆ. ಹೊರಗೆ ಹೋಗಿ ನಲ್ಲಿಯ ಹತ್ತಿರ ಕಕ್ಕಿಕೊಂಡೆ. ಯಾರೋ ಬೆನ್ನು ತಟ್ಟಿ "ಪಿತ್ತ ಆಗೇತ್ರಿ" ಎಂದರು.

ಮರುದಿನವೇ ಕುರುಗೋಡಿಗೆ ಹೋದೆ. ಪಂಡಿತರು ಅಂಗಳದಲ್ಲಿ ಮಂಚ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನನ್ನ ಮುಖ ನೋಡಿ ಹೊಗಳಿಕೆಗೆ ಬಂದಿದ್ದೇನೆ ಅಂದುಕೊಂಡರು.

"ಬಾರವ್ವ ತಂಗಿ. ಭಾರಿ ಕೆಲಸ ಮಾಡೀದಿ. ಒರಟು ಇತ್ತು, ನಾ ಒಂಚೂರು ನಮ್ಮ ನೆಲಕ್ಕ ಒಗ್ಗಿಸೀನಿ."

"ಒಗ್ಗಿಸೀರಾ? ಸರ, ಆ ಊರು ಹಸಿದು ಸತ್ತ ಊರ್ರಿ. ನೀವು ಅದಕ್ಕ ಹುಗ್ಗಿ ಉಣ್ಣಿಸಿ ಬಂದೀರಿ!"

"ಹಂಗಂದ್ರ ಹೆಂಗವ್ವ? ಸ್ವಾಮಿಗಳ ಕೈಯಾಗ ಇಡೋ ಪುಸ್ತಕದಾಗ ಕುದುರಿ ಕೊಯ್ಯೋದು ಇರಬೇಕೇನು? ಆ ಮನಿ ಅಮ್ಮ ಓದೋರು. ಪ್ರಸಾದದ ಜೋಡಿ ಕೊಟ್ಟದ್ದನ್ನ ಮುಟ್ಟಿ ಮೈಲಿಗಿ ಮಾಡ್ಕೊಳ್ಳಬೇಕೇನು? ಕತಿ ಎಲ್ಲಾ ಹಂಗ ಐತಿ. ತಿನ್ನೋದೊಂದು ಬದಲಿಸೀನಿ, ಅಷ್ಟ."

ಅಷ್ಟ ಅಂತೆ. ಸಾವು, ಹಸಿವು, ಒಬ್ಬ ಮನುಷ್ಯನ ಎದೆಯ ಸಂಕಟ ಎಲ್ಲ ಒಂದು ಹಂಡೆಯಲ್ಲಿ ಬೆಲ್ಲ ಹಾಕಿ ಕದಡಿಟ್ಟು, ಅಷ್ಟ! ನನಗೆ ಕನ್ನಡ ಕಲಿಸಿದ ಬಾಯಿ ಅದು. ಮೈ ಪರಚಿಕೊಳ್ಳುವ ಹಾಗಾಯಿತು. ಅವರ ಸೊಸೆ ಒಳಗಿನಿಂದ ಬಟ್ಟಲಲ್ಲಿ ಏನು ತಂದಿಟ್ಟಳು ಗೊತ್ತೆ? ಹಿಂದಿನ ದಿನ ಪಂಕ್ತಿಯಿಂದ ಕಟ್ಟಿಸಿಕೊಂಡು ಬಂದ ಹುಗ್ಗಿ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ. ಪಂಡಿತರು ಹಿಂದಿನಿಂದ "ಸಿಟ್ಟು ಒಳ್ಳೇದಲ್ಲ ತಂಗಿ" ಎಂದದ್ದು ಕೇಳಿಸಿತು.

ಮಗನಿಗೆ ಫೋನ್ ಮಾಡಿ ಕೂಗಾಡಿದೆ. ಅವನಿಗೆ ನಾನು ಯಾಕೆ ಕೂಗಾಡುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. "ಎಲ್ಲಾರೂ ಛಲೋ ಐತಿ ಅಂದಾರಲ್ರೀ" ಎಂದ. ಯಾರೂ ಓದಿರಲಿಲ್ಲ, ಮತ್ತೇನು. ಡಬ್ಬಿ ಗಟ್ಟಿಯಿದೆ ಎಂದು ಹೊಗಳಿರಬೇಕು. ಬಳ್ಳಾರಿಯಲ್ಲಿ ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಆ ಪುಸ್ತಕವನ್ನು ಅಲುಗಾಡುವ ಗ್ರೈಂಡರಿನ ಕಾಲಿಗೆ ಒತ್ತುಕೊಟ್ಟಿದ್ದನ್ನು ನೋಡಿದೆ. ಇದ್ದುದರಲ್ಲಿ ಅದೇ ಸರಿಯಾದ ಜಾಗ ಅನ್ನಿಸಿತು. ನನ್ನ ಮಟ್ಟಿಗೆ ಇದರ ಸಹವಾಸ ಸಾಕು ಎಂದು ಕೈ ಕೊಡವಿಕೊಂಡೆ.

ಆದರೆ ಓದಿದವರು ಒಬ್ಬರಿದ್ದರು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಅಮ್ಮನ ಫೋನ್ ಬಂತು.

"ಮೇಡಮ್ಮ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೊಬ್ಯಾಡ್ರಿ. ಕೊನಿಗೆ ಆ ಮುದುಕ ಹುಗ್ಗಿ ಉಣ್ಣಾಕ ಕುಂತು ಉಪ್ಪು ಕೊಡು ಅಂತಾನ. ಹುಗ್ಗಿಗೆ ಯಾರರ ಉಪ್ಪು ಕೇಳ್ತಾರೇನ್ರಿ?"

ಉಪ್ಪು! ಪಂಡಿತರು ಎಲ್ಲವನ್ನೂ ತೊಳೆದು ಬಳಿದಿದ್ದರು, ಮೂಲದ ಅದೊಂದು ಮಾತು ಅವರ ಕಣ್ಣು ತಪ್ಪಿಸಿ ಉಳಿದುಕೊಂಡಿತ್ತು, ಪಂಕ್ತಿಯಲ್ಲಿ ನಾನೂ ಗಮನಿಸಿರಲಿಲ್ಲ. ಉಪ್ಪಿನಲ್ಲಿ ಮೈಲಿಗೆ ಕಾಣಲಿಲ್ಲವೇನೋ.  "ಸಂಜಿಗೆ ಬರ್ತೀನ್ರಿ" ಎಂದೆ. ನನ್ನ ಅನುವಾದದ ಮೂಲ ಪ್ರತಿ ಕಾಲೇಜಿನ ಬೀರುವಿನಲ್ಲೇ ಬಿದ್ದಿತ್ತು, ತೆಗೆದುಕೊಂಡು ಹೋದೆ.

ಬಾಗಿಲಲ್ಲೇ ಮಗ ತಡೆದ. ಫೋನಿನಲ್ಲಿ ನಾನು ಕೂಗಾಡಿದ್ದು ನೆನಪಿತ್ತು, ಪ್ರತಿ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. "ಮೇಡಂ, ಕೈ ಮುಗೀತೀನಿ, ಅವ್ವನ ಮುಂದ ಕುದುರಿ ಕೊಯ್ದ ಸುದ್ದಿ ತೆಗೀಬ್ಯಾಡ್ರಿ. ಆಕಿ ತಡಕೊಳ್ಳಂಗಿಲ್ಲ."

"ಒಂದು ಅಕ್ಷರ ಬಿಡಬ್ಯಾಡ್ರಿ ಅಂದವ್ರು ನಿಮ್ಮಪ್ಪಾಜಿ. ಈಗ ದಾರಿ ಬಿಡಪ್ಪ" ಎಂದೆ. ಬಿಟ್ಟ. ಮುಖ ಗಂಟು ಹಾಕಿಕೊಂಡು ಮಿಲ್ಲಿನ ಕಡೆ ಹೋದ.

ಅಮ್ಮ ಅದೇ ಕಟ್ಟೆಯ ಮೇಲೆ ಅಕ್ಕಿಯ ಮೊರ ಇಟ್ಟುಕೊಂಡು ಕೂತಿದ್ದರು. ಸಾಹುಕಾರರು ಕೂರುತ್ತಿದ್ದ ಜಾಗ ಖಾಲಿಯಿತ್ತು, ನಾನು ಅಲ್ಲಿ ಕೂರದೆ ಮೆಟ್ಟಿಲ ಮೇಲೆ ಕೂತೆ. "ಅಮ್ಮ, ನಿಮಗ ಹಂಚಿದ್ದು ಸುಳ್ಳು ಪುಸ್ತಕ. ಖರೇದು ಇದು. ಕೇಳಾಕ ಹೇಸಿಗಿ ಐತಿ" ಎಂದೆ. ಅಮ್ಮ ರೂಢಿಯಂತೆ ಸೆರಗು ಮೂಗಿಗೆ ಹಿಡಿದು "ಓದ್ರಿ" ಎಂದರು.

ಓದಿದೆ. ಮುದುಕ ಕುದುರೆಯನ್ನು ಹಿತ್ತಲಿಗೆ ಒಯ್ದದ್ದು, ಅದರ ಹಣೆ ತಿಕ್ಕಿದ್ದು, ಬೇರೆಯವರ ಕೈಗೆ ಹಗ್ಗ ಕೊಡದೆ ತಾನೇ ಹಿಡಿದು ನಿಂತದ್ದು. ಕತ್ತಿ, ರಕ್ತ, ಪಾತ್ರೆ ಹಿಡಿದು ಸಾಲು ನಿಂತ ಜನ. ಅಮ್ಮನ ಬೆರಳು ಅಕ್ಕಿಯಲ್ಲಿ ಓಡಾಡುವುದು ನಿಂತಿತು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಸಂಜೆ ಮುದುಕನ ಸೊಸೆ ಎಲ್ಲರಿಗೂ ಬಡಿಸುತ್ತಾಳೆ. ಎಲ್ಲರ ಕಣ್ಣೂ ಮುದುಕನ ಮೇಲೆ.

"ತಿಂದನೇನು?" ಎಂದರು ಅಮ್ಮ.

"ತಿಂದ."

"ತಿಂದು ಏನಂದ?"

"ಏನೂ ಅನ್ನಲಿಲ್ರಿ. ಉಪ್ಪು ಕೊಡು ಅಂದ. ಅಷ್ಟಕ್ಕ ಮುಗೀತೈತಿ."

ಅಮ್ಮ ಸೆರಗು ಇಳಿಸಿದರು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. ಅಕ್ಕಿಯ ಮೊರ ಕೆಳಗಿಟ್ಟರು.

"ನಮ್ಮನಿಯವ್ರೂ ಕೇಳಿದ್ರು" ಎಂದರು. "ಕೆಂದೆತ್ತು ಹೊಡಕೊಂಡು ಹೋಗಿದ್ರಲ್ಲ, ಆ ದಿನ. ಸಂಜಿಮುಂದ ಬಂದು ಕೈಕಾಲು ತೊಳಕೊಂಡು ಊಟಕ್ಕ ಕುಂತ್ರು. ರಾರಾವಿಯೊಳಗ ಬಿಟ್ಟು ಬಂದೆ, ಹುಲ್ಲು ಛಲೋ ಐತಿ ಅಂದ್ರು. ಆಮ್ಯಾಲ ಉಪ್ಪು ತಗೊಂಬಾ ಅಂದ್ರು. ಸಾರಿನಾಗ ಉಪ್ಪು ಸರಿ ಇತ್ತು ಮೇಡಮ್ಮ. ನಾನ ಮಾಡಿದ್ದೆ."

 ಅವರ ಕೆಂಪು ಕಣ್ಣು, ಕಾಲೇಜಿನ ಗೇಟು, ನನ್ನ ಬಾಯಾಗ ಹೇಳಾಕ ಆಗವಲ್ದು ಎಂದದ್ದು ಎಲ್ಲ ಒಟ್ಟಿಗೇ ನೆನಪಾಯಿತು. "ಎತ್ತು ರಾರಾವಿಗೆ ಹೋಗಿಲ್ಲ ಅಂತ ನಿಮಗ ಅವತ್ತ ಗೊತ್ತಾತೇನ್ರಿ?" ಎಂದೆ.

"ಗೊತ್ತಾತು. ಯಾವ ಸಂತಿಗೆ ಹೊಡದ್ರು, ಯಾವ ಕಟುಕನ ಕೈಗೆ ಹೋತು, ಎಲ್ಲಾ ಆಮ್ಯಾಲ ಮಂದಿ ಬಾಯಿಲೆ ಗೊತ್ತಾತು. ನಾ ಕೇಳಲಿಲ್ಲ, ಅವರು ಹೇಳಲಿಲ್ಲ. ಈಟು ವರ್ಷ ಬರೇ ಹುಲ್ಲಿನ ಸುದ್ದಿ ಹೇಳಿ ಹೇಳಿ, ಕೊನಿಗೆ ಖರೇ ಹೇಳಾಕ ಯಾವುದೋ ದೇಶದ ಪುಸ್ತಕ ಬೇಕಾತು ನೋಡ್ರಿ ಅವರಿಗೆ."

ಹೊಸ್ತಿಲ ಪಕ್ಕದಲ್ಲಿ ಹಾರ ಹಾಕಿದ ಫೋಟೊದ ಪುಸ್ತಕ ಬಿದ್ದಿತ್ತು. ಅಮ್ಮ ಅದನ್ನು ಕಾಲಿನಿಂದಲ್ಲ, ಕೈಯಿಂದಲೇ, ಮೆಲ್ಲಗೆ ದೂರ ಸರಿಸಿದರು.

"ಅವರು ಹೇಳಿದ್ದು ಅದೊಂದ ಖರೇ ಮಾತು. ಅದಕ್ಕೂ ಹುಗ್ಗಿ ಸುರುವಿ ಇಟ್ರಲ್ರೀ" ಎಂದರು. "ಥೂ, ಹೇಸಿಗಿ."